ಒಂದು ಬೊಗಸೆ ಜವಿಗೋದಿ

ನವನಗರ, ಬಾಗಲಕೋಟೆ
14 ಜೂನ್ 2024

ಹೊಳಬಸಪ್ಪಣ್ಣನಿಗೆ ದಾನೇಶ್ವರಿಯ ಶರಣು.

ಫೋನಿನಲ್ಲಿ ನಾನು ಇಲ್ಲಿ ಚೀರುವುದು, ನೀನು ಅಲ್ಲಿ "ಆಂ? ಆಂ?" ಅನ್ನುವುದು, ಕಡೆಗೆ ಇಬ್ಬರೂ ಸಿಟ್ಟಿನಿಂದ ಇಟ್ಟುಬಿಡುವುದು ಸಾಕಾಗಿದೆ. ಮೂವತ್ತೈದು ವರ್ಷದ ಹಿಟ್ಟಿನ ಗಿರಣಿ ನಿನ್ನ ಕಿವಿಗಳನ್ನೂ ಬೀಸಿಬಿಟ್ಟಿದೆ. ಅತ್ತಿಗೆಯ ಬಾಯಿಂದ ಹೇಳಿಸಿದರೆ ಅರ್ಧ ಕೇಳುತ್ತೀ, ಉಳಿದರ್ಧ ನಿನ್ನದೇ ಸೇರಿಸುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಎರಡು ಸಲ ಓದು.

ಮುಕ್ತಾಳ ರೋಗ ಏನೆಂದು ಗೊತ್ತಾಯಿತು. ವರ್ಷದಿಂದ ಭೇದಿ, ಹೊಟ್ಟೆ ಮಾತ್ರ ಗಡಿಗೆಯ ಹಾಗೆ, ಕೈಕಾಲು ಕಡ್ಡಿ. ಎಂಟು ವರ್ಷದ ಹುಡುಗಿ ಹದಿನಾರು ಕಿಲೋ ಇದ್ದಾಳೆ. ರಕ್ತ ನೋಡಿದರು, ಗಂಟಲಲ್ಲಿ ಕೊಳವೆ ಬಿಟ್ಟು ಕರುಳಿನ ಚೂರು ತೆಗೆದು ನೋಡಿದರು. ಅವಳ ಕರುಳಿಗೆ ಗೋದಿ ಆಗುವುದಿಲ್ಲವಂತೆ. ಚಪಾತಿ, ರವೆ, ಶಾವಿಗೆ, ಬಿಸ್ಕೀಟು, ಬ್ರೆಡ್ಡು ಯಾವುದೂ ಕೂಡದು. ನಾಲ್ಕು ದಿನದ ಪಥ್ಯವಲ್ಲ, ಜೀವ ಇರುವವರೆಗೆ. ನಮ್ಮ ಮನೆಯವರು, ಶ್ರೀಶೈಲ ಅವರು, "ತೌಡು ಸಮೇತ ಬೀಸಿದ್ದಾದ್ರ ನಡೀತದೇನ್ರಿ?" ಅಂತ ಕೇಳಿದರು. ಮೈದಾ ಆದರೂ ಅಷ್ಟೆ, ಇಡೀ ಕಾಳಾದರೂ ಅಷ್ಟೆ, ಒಂದು ಚೂರು ಹೊಟ್ಟೆಗೆ ಹೋದರೂ ಕರುಳು ಸವೆಯುತ್ತದೆ ಎಂದರು ಡಾಕ್ಟರು.

ಮನೆ ಮುಟ್ಟುವವರೆಗೆ ಅಳುತ್ತಲೇ ಬಂದೆ ಅಣ್ಣಾ. ಸೊರಗಿದಳು ಎಂದು ದಿನಕ್ಕೆ ಎರಡು ಚಪಾತಿ ಹೆಚ್ಚು ತಿನ್ನಿಸಿದವಳು ನಾನೇ. ಹಾಲಿನಲ್ಲಿ ನಾದಿ, ತುಪ್ಪ ಸವರಿ.

ಜೋಳ, ಅಕ್ಕಿ, ಸಜ್ಜೆ ನಡೆಯುತ್ತದೆ. ಇಲ್ಲಿಯ ಗಿರಣಿಗಳ ಮೇಲೆ ನನಗೆ ನಂಬಿಕೆ ಇಲ್ಲ, ಒಂದೇ ಕಲ್ಲಿಗೆ ಎಲ್ಲ ಸುರಿಯುತ್ತಾರೆ. ನೀನು ಮುಂಜಾನೆ ಗೋದಿ ಮುಟ್ಟುವ ಮೊದಲು, ಕಲ್ಲು ಬಿಚ್ಚಿ ಝಾಡಿಸಿ, ಜೋಳ ಬೀಸಿ ಬಸ್ಸಿಗೆ ಹಾಕು. ಹೇಳುವುದಿಷ್ಟೆ. ನನ್ನ ಮಗಳನ್ನು ನಿನ್ನ ಕೈಗೆ ಕೊಡುತ್ತಿದ್ದೇನೆ ಅಂತ ತಿಳಿ.

ನಿನ್ನ ತಂಗಿ
ದಾನೇಶ್ವರಿ

⁕

ಕೆರೂರ
20 ಜೂನ್ 2024

ದಾನವ್ವ,

ನಿನ್ನ ಕಾಗದ ಎರಡಲ್ಲ, ಮೂರು ಸಲ ಓದಿದೆ. ಮಾಸ್ತರಣಿಯಾದ ಮೇಲೆ ಅಣ್ಣನಿಗೂ ಪಾಠ ಹೇಳುವಷ್ಟು ದೊಡ್ಡವಳಾದೆ, ಸಂತೋಷ.

ಕೂಸಿನ ಸುದ್ದಿ ಓದಿ ಅವತ್ತು ಗಿರಣಿ ಬೇಗ ಮುಚ್ಚಿದೆ. ಆದರೆ ನಾನೊಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಕಾಳು ಕೆಡುಕು ಮಾಡುವುದಿಲ್ಲ. ಕಾಳಿನ ಮೈ ಸುಲಿದು ಬೆಳ್ಳಗೆ ಮಾಡಿ ತಿನ್ನುವುದು ಕೆಡುಕು. ಪ್ಯಾಕೀಟಿನ ಬಿಸ್ಕೀಟು ತಿಂದು ಕರುಳು ಕೆಡಿಸಿಕೊಂಡ ಮಕ್ಕಳನ್ನು ಕಂಡು ಆ ಡಾಕ್ಟರು ಗೋದಿಯ ಕುಲಕ್ಕೇ ಬಯ್ಯುತ್ತಿರಬೇಕು. ನನ್ನ ಗಿರಣಿಯ ಬಾಗಿಲ ಮೇಲೆ ಏನು ಬರೆಸಿದ್ದೇನೆ, ನೆನಪಿದೆಯಲ್ಲ? "ಇಡೀ ಕಾಳು, ಎಲ್ಲರಿಗೂ ಮೇಲು." ಸಕ್ಕರೆ ರೋಗದವರು ಬರುತ್ತಾರೆ, ಬಸುರಿಯರ ಮನೆಯವರು ಬರುತ್ತಾರೆ. ಯಾರೂ ನನಗೆ ಬಯ್ದು ಹೋಗಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ನಮ್ಮ ಹಳೇ ಕಾಲದ ಕೆಂಪು ಜವಿಗೋದಿಯ ಬಗ್ಗೆ ಕೇಳಿದೆಯೇನು ಅವರನ್ನು? ಕೇಳಿರಲಿಕ್ಕಿಲ್ಲ. ನೀನು ಹುಟ್ಟಿದಾಗ ಅವ್ವನ ಮೈಯಲ್ಲಿ ರಕ್ತವೇ ಇರಲಿಲ್ಲ. ಜವಿಗೋದಿ ರವೆಯ ಗಂಜಿ ಕುಡಿದೇ ಎದ್ದು ಕೂತಳು. ಮುಕ್ತಾ ಹುಟ್ಟಿದಾಗ ಇದೇ ಮನೆಯಲ್ಲಿ ನಿನ್ನ ಬಾಣಂತನ ನಡೆದದ್ದೂ ಅದರ ಮೇಲೆಯೇ. ಅದನ್ನು ಗೋದಿ ಅಂತ ಯಾರು ಅಂದಾರು? ಹೆಸರಿಗೆ ಗೋದಿ, ಗುಣಕ್ಕೆ ಔಷಧ.

ಇರಲಿ. ಹಿಟ್ಟು ಕಳಿಸಿದ್ದೇನೆ, ಹತ್ತು ಕಿಲೋ. ಹುಬ್ಬಳ್ಳಿಯಿಂದ ಬರುವ ಬಸ್ಸಿನ ಕಂಡಕ್ಟರನ ಸೀಟಿನ ಕೆಳಗಿದೆ, ಬಿಳಿ ಚೀಲ. ಕಲ್ಲು ಬಿಚ್ಚಿ ಕುಂಚದಿಂದ ಝಾಡಿಸಿ ಮುಂಜಾನೆ ಮೊದಲು ಅದನ್ನೇ ಬೀಸಿದ್ದೇನೆ. ಹದಿನೈದು ದಿನಕ್ಕೊಮ್ಮೆ ಕಳಿಸುತ್ತೇನೆ, ಹೊರಗಿನ ಹಿಟ್ಟು ಮನೆಗೆ ತರಬೇಡ. ಕೂಸಿಗೆ ಏನು ಬೇಕೋ ಅದೆಲ್ಲ ಇದರಲ್ಲಿ ಇದೆ. ಸೋದರಮಾವ ಇನ್ನೂ ಬದುಕಿದ್ದಾನೆ ಅಂತ ಹೇಳು ಅವಳಿಗೆ.

ಹೊಳಬಸಪ್ಪ

⁕

ನವನಗರ
22 ಡಿಸೆಂಬರ್ 2024

ಅಣ್ಣಾ, ಶರಣು.

ನಿನ್ನ ಹಿಟ್ಟು ತಪ್ಪದೇ ಬರುತ್ತಿದೆ. ಅದರ ಜಿಗಿ ಎಷ್ಟು ಚಂದ! ಬಡಿಯುವಾಗ ಒಂದು ರೊಟ್ಟಿಯ ಅಂಚೂ ಒಡೆಯುವುದಿಲ್ಲ. ಓಣಿಯ ಹೆಂಗಸರು ಎಲ್ಲಿಯ ಜೋಳ ಅಂತ ಕೇಳುತ್ತಾರೆ.

ಆದರೆ ಮುಕ್ತಾಳ ತೂಕ ಏರಲಿಲ್ಲ. ಆರು ತಿಂಗಳಾದ ಮೇಲೆ ಮತ್ತೆ ರಕ್ತ ನೋಡಿದರು. ಗೋದಿ ಬಿಟ್ಟರೆ ಇಳಿಯಬೇಕಾದ ಅಂಕಿ ಇದ್ದಲ್ಲೇ ಇದೆ. ಡಾಕ್ಟರು ಕಾಗದ ಕೆಳಗಿಟ್ಟು, ಪಾಳಿಯಲ್ಲಿ ಕೂತ ಹತ್ತು ಮಂದಿಯ ಎದುರಿಗೆ ಕೇಳಿದರು: "ಮನ್ಯಾಗ ಯಾರ ಕೊಡಾಕತ್ತೀರಿ ಗೋದಿ? ಕದ್ದು ಯಾರ ತಿನಸಾಕತ್ತೀರಿ?" ನನ್ನ ಮಾನ ಹೋಯಿತು. ಆರು ತಿಂಗಳಿಂದ ನಮ್ಮ ಮನೆಯಲ್ಲಿ ಒಂದು ಚಪಾತಿ ಬೆಂದಿಲ್ಲ. ಶ್ರೀಶೈಲರ ಮುಖ ಜೋತುಬಿದ್ದಿದೆ. ಹಬ್ಬಕ್ಕೆ ಹೋಳಿಗೆ ಮಾಡಿಲ್ಲ. ಕಣಕದ ಕೈ ತಾಕೀತು ಅಂತ ಲಟ್ಟಣಿಗೆಯನ್ನೂ ಹೊರಗೆ ಹಾಕಿದೆ.

ಹಾಗಾದರೆ ಎಲ್ಲಿಂದ? ಸಾಲೆಗೆ ನಾನೇ ಡಬ್ಬಿ ಕಟ್ಟುತ್ತೇನೆ. ಸಂಜೆ ನಾನು ಬರುವವರೆಗೆ ಪಕ್ಕದ ಮನೆಯ ಮುದುಕಿ ಹಜರತಬಿಯ ಹತ್ತಿರ ಇರುತ್ತಾಳೆ, ಅವಳಿಗೆ ಆಯಿ ಅನ್ನುತ್ತಾಳೆ. ಹಳೇ ಊರಲ್ಲೂ ಅವರದೂ ನಮ್ಮ ಮಾವನವರದೂ ಒಂದೇ ಗೋಡೆ. ಊರು ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಇಲ್ಲಿಯೂ ಒತ್ತಿನಲ್ಲೇ ಜಾಗ ಸಿಕ್ಕಿತು. ಅವಳಿಗೆ ಪಥ್ಯ ಎಲ್ಲ ಹೇಳಿದ್ದೇನೆ. ಮುಕ್ತಾಳಿಗೆ ಅಂತಲೇ ಬೇರೆ ತಾಟು, ಬೇರೆ ಲೋಟ ಇಟ್ಟಿದ್ದಾಳೆ.

ನನಗೆ ತಲೆ ಓಡುತ್ತಿಲ್ಲ. ನೀನು ಜೋಳ ಸರಿಯಾಗಿ ಬೀಸುತ್ತಿದ್ದೀಯಲ್ಲ? ಕೇಳಿದ್ದಕ್ಕೆ ಬೇಜಾರಾಗಬೇಡ.

ದಾನೇಶ್ವರಿ

⁕

ಕೆರೂರ
29 ಡಿಸೆಂಬರ್ 2024

ದಾನವ್ವ,

ಬೇಜಾರಾಯಿತು. ಆಗಬೇಡ ಅಂದರೆ ಹೇಗೆ? ಜ್ವಾಳ ತಿಂದವ ತ್ವಾಳ ಅಂತ ನಾವು ಬೆಳೆದದ್ದು. ಆ ಜೋಳವನ್ನು ನನ್ನ ಕೈಯಾರೆ ಆರಿಸಿ, ಕೇರಿ, ಕಲ್ಲು ಝಾಡಿಸಿ ಬೀಸುತ್ತೇನೆ. ಕೆಲಸದವನಿಗೂ ಮುಟ್ಟಲು ಕೊಡುವುದಿಲ್ಲ. ನನ್ನ ಹಿಟ್ಟಿನ ಮೇಲೆ ಕಣ್ಣು ಹಾಕುವ ಮೊದಲು ನಿನ್ನ ಪಕ್ಕದ ಗೋಡೆಯ ಮೇಲೆ ಹಾಕು.

ಮುದುಕಿಯರ ಕೈ ಸುಮ್ಮನಿರುವುದಿಲ್ಲ. ಕೂಸು ಬಾಯಿ ನೋಡಿದರೆ ಕೊಟ್ಟುಬಿಡುತ್ತಾರೆ. ಕೆಟ್ಟತನದಿಂದ ಅಂತ ನಾನು ಅನ್ನುತ್ತಿಲ್ಲ, ಪ್ರೀತಿಯಿಂದಲೇ. ಅಂಥ ಪ್ರೀತಿ ವಿಷಕ್ಕಿಂತ ಕೆಟ್ಟದ್ದು. ಬೇರೆ ತಾಟು ಇಟ್ಟರೆ ಆಯಿತೇ, ತಾಟಿನಲ್ಲಿ ಏನು ಬೀಳುತ್ತದೆ ಅಂತ ನೋಡಿದವರು ಯಾರು?

ಮುಕ್ತಾಳನ್ನೇ ಕೇಳು. ಮೆತ್ತಗೆ ಕೇಳಿದರೆ ಹೇಳುವುದಿಲ್ಲ. ನಾವು ಬೆಲ್ಲ ಕದ್ದಾಗ ಅಪ್ಪ ಮೆತ್ತಗೆ ಕೇಳುತ್ತಿದ್ದನೇನು?

ಹೊಳಬಸಪ್ಪ

⁕

ನವನಗರ
6 ಏಪ್ರಿಲ್ 2025

ಅಣ್ಣಾ,

ನಿನ್ನ ಮಾತು ಖರೆ ಆಯಿತು. ನಿನ್ನ ಮೇಲೆ ಅನುಮಾನಪಟ್ಟದ್ದಕ್ಕೆ ಕ್ಷಮಿಸು.

ಮೂರು ತಿಂಗಳು ಮೆತ್ತಗೇ ಕೇಳಿದೆ. ಇಲ್ಲ ಅಂದಳು. ರಮಜಾನ್ ಹಬ್ಬ ಮುಗಿದ ಮರುದಿನ ಮತ್ತೆ ಭೇದಿ ಹತ್ತಿತು, ಬಾಯಿಯಲ್ಲಿ ಹುಣ್ಣು. ಕೈ ತೊಳೆದು ಬಂದು ಕೇಳಿದೆ, ಪಕ್ಕದ ಮನೆಯಲ್ಲಿ ಶಾವಿಗೆಯ ಸುರಕುಂಬಾ ಕುಡಿದೆಯಾ ಅಂತ. ಇಲ್ಲ ಅಂದಳು. ಸಾಲೆಯ ಅಳತೆಪಟ್ಟಿ ಕೈಯಲ್ಲಿತ್ತು. ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಮೊಣಕೈ ಕೆಳಗೆ ಬರೆ ಎದ್ದವು. ನಾನೂ ಅಳುತ್ತಿದ್ದೆ, ಅಳುತ್ತಲೇ ಹೊಡೆಯುತ್ತಿದ್ದೆ. ಕಡೆಗೆ ಹೇಳಿದಳು: "ಹೌದವ್ವಾ. ಆಯಿ ಕೊಟ್ಟಳು. ದಿನಾ ಬಿಸ್ಕೀಟ ಕೊಡ್ತಾಳ."

ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡೇ ಹಜರತಬಿಯ ಬಾಗಿಲಿಗೆ ಹೋದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನೀನು ಬರೆದದ್ದನ್ನೂ ಅಂದೆ, ನಿನ್ನ ಪ್ರೀತಿ ವಿಷಕ್ಕಿಂತ ಕೆಟ್ಟದ್ದು ಅಂತ. ಓಣಿಯವರೆಲ್ಲ ಬಂದು ನಿಂತರು. ಅವಳು ಒಂದು ಸಲ ನನ್ನನ್ನು ನೋಡಿದಳು, ಒಂದು ಸಲ ಮುಕ್ತಾಳನ್ನು ನೋಡಿದಳು. "ತಪ್ಪಾತವ್ವ" ಅಂದಳು. ಅಷ್ಟೇ. ತಪ್ಪಾಯಿತು ಅಂತ ತಾನೇ ಒಪ್ಪಿದ ಮೇಲೆ ಇನ್ನೇನು ಸಾಕ್ಷಿ ಬೇಕು?

ಮೊನ್ನೆ ಅವಳ ಮಗ ಬಾಬುಸಾಬ ಇಲಕಲ್ಲಿನಿಂದ ಬಂದು ಕರೆದುಕೊಂಡು ಹೋದ, ಅಲ್ಲಿ ಅವನು ಸೀರೆ ನೇಯುತ್ತಾನೆ. ಹೋಗುವಾಗ ಮುಕ್ತಾ ಕಿಟಕಿಯಲ್ಲಿ ನಿಂತಿದ್ದಳು. ನಾನು ಬಾಗಿಲು ತೆರೆಯಲಿಲ್ಲ.

ಇನ್ನಾದರೂ ಕೂಸು ಏರಲಿ. ಹಿಟ್ಟು ಮುಗಿದಿದೆ, ಬೇಗ ಕಳಿಸು.

ದಾನೇಶ್ವರಿ

⁕

ನವನಗರ
10 ಜುಲೈ 2025

ಅಣ್ಣಾ, ಶರಣು.

ನಿನ್ನ ಎದೆಗೆ ಸ್ಟೆಂಟ್ ಹಾಕಿದರು ಅಂತ ಅತ್ತಿಗೆ ಫೋನಿನಲ್ಲಿ ಹೇಳಿದರು. ಬರಬೇಕು ಅಂದರೆ ಸಾಲೆ ಬಿಡುವಿಲ್ಲ. ಚಿಂತೆ ಹಚ್ಚಿಕೊಳ್ಳಬಾರದು ಅಂತ ಡಾಕ್ಟರು ಹೇಳಿದ್ದಾರಂತೆ. ಆ ಸ್ಥಿತಿಯಲ್ಲೂ ಎದ್ದು ಕೂತು ಕೇಳಿದ ಮೊದಲ ಮಾತು ಮುಕ್ತಾ ಹೇಗಿದ್ದಾಳೆ ಅಂತಲೇ ಅಂದರು ಅತ್ತಿಗೆ.

ಮುಕ್ತಾ ಚಲೋ ಇದ್ದಾಳೆ. ಮೈ ತುಂಬಿಕೊಂಡಿದ್ದಾಳೆ. ಆಡುತ್ತಾಳೆ, ಓಡುತ್ತಾಳೆ. ನೀನು ಔಷಧ ಸರಿಯಾಗಿ ತೆಗೆದುಕೋ. ಹಿಟ್ಟು ಬೀಸಲು ಆಗದಿದ್ದರೆ ಬಿಡು ಅನ್ನಬೇಕು ಅನಿಸುತ್ತದೆ, ಆದರೆ ನಿನ್ನ ಹಿಟ್ಟು ಬಿಟ್ಟರೆ ನನಗೆ ಬೇರೆಯದರ ಮೇಲೆ ಧೈರ್ಯವಿಲ್ಲ.

ದಾನೇಶ್ವರಿ

⁕

ಕೆರೂರ
2 ಆಗಸ್ಟ್ 2025

ದಾನವ್ವ,

ನಿನ್ನ ಕಾಗದ ಸ್ಟೆಂಟಿಗಿಂತ ಹೆಚ್ಚು ಕೆಲಸ ಮಾಡಿತು. ಮೈ ತುಂಬಿಕೊಂಡಿದ್ದಾಳೆ ಅನ್ನುವ ಸಾಲನ್ನು ನಿನ್ನ ಅತ್ತಿಗೆಗೆ ನಾಲ್ಕು ಸಲ ಓದಿ ಹೇಳಿದೆ. ಗಿರಣಿಗೆ ಬಂದವರಿಗೂ ಹೇಳಿದೆ.

ಈಗ ಗುಟ್ಟು ಬಿಡುತ್ತೇನೆ. ಮೊದಲೇ ಹೇಳಿದ್ದರೆ ನೀನು ಡಾಕ್ಟರನ ಬಾಲ ಹಿಡಿದುಕೊಂಡು ಕುಣಿಯುತ್ತಿದ್ದೆ. ಮೊದಲನೇ ಚೀಲದಿಂದಲೂ ಜೋಳದ ಜೊತೆ ಜವಿಗೋದಿ ಹಾಕಿ ಬೀಸುತ್ತಿದ್ದೇನೆ. ಹೆಚ್ಚಲ್ಲ, ಚೀಲಕ್ಕೆ ಒಂದು ಬೊಗಸೆ. ನನ್ನ ಹೊಲದ್ದೇ, ಗೊಬ್ಬರ ಕಾಣದ್ದು. ಬರೀ ಜೋಳದಲ್ಲಿ ಕೂಸು ಹೇಗೆ ಏರೀತು? ಬಾಣಂತಿಯನ್ನು ಎಬ್ಬಿಸಿ ಕೂಡಿಸುವ ಕಾಳು ಕೂಸನ್ನು ಎಬ್ಬಿಸದೇ ಇರುತ್ತದೆಯೇ? ಪಕ್ಕದ ಮನೆಯ ಬಿಸ್ಕೀಟು ನಿಂತಿತು, ನನ್ನ ಕಾಳು ಕೆಲಸ ಮಾಡಿತು. ಡಾಕ್ಟರು ಸೋತ, ನಾನು ಗೆದ್ದೆ ಅಂತ ಹೇಳುತ್ತಿಲ್ಲ. ಆದರೆ ಹೋಗಿ ಹೇಳು ಅವನಿಗೆ, ಕೆರೂರಿನ ಗಿರಣಿಯವನೊಬ್ಬ ಹೀಗೆ ಮಾಡಿದ ಅಂತ. ನಾಲ್ಕು ಮಕ್ಕಳಿಗೆ ಉಪಯೋಗವಾಗಲಿ.

ಪಂಚಮಿಗೆ ನೀನು ಬರಲಿಲ್ಲ. ತಂಬಿಟ್ಟು, ಅಳ್ಳಿಟ್ಟು ಚೀಲದಲ್ಲಿಟ್ಟಿದ್ದೇನೆ. ಈ ಸಲ ಎರಡು ಬೊಗಸೆ ಹಾಕಿದ್ದೇನೆ.

ಹೊಳಬಸಪ್ಪ

⁕

ನವನಗರ
5 ಆಗಸ್ಟ್ 2025

ಹೊಳಬಸಪ್ಪ ಅವರಿಗೆ,

ನಾನು ಸುಳ್ಳು ಬರೆದಿದ್ದೆ. ನಿನ್ನ ಎದೆ ಒಡೆಯಬಾರದು ಅಂತ ಬರೆದೆ. ಈಗ ಖರೆ ಬರೆಯುತ್ತೇನೆ, ನಿನ್ನ ಎದೆ ಏನಾದರೂ ಆಗಲಿ.

ಮುಕ್ತಾ ಹದಿನೈದು ಕಿಲೋ ಇದ್ದಾಳೆ. ಜೂನ್ ಇಪ್ಪತ್ತಕ್ಕೆ ಸಾಲೆಯ ಕಟ್ಟೆಯಿಂದ ಜಾರಿದಳು. ಒಂದು ಮೆಟ್ಟಿಲು ಅಷ್ಟೆ. ಬಲಗೈ ಮುರಿಯಿತು. ಎಲುಬಿನಲ್ಲಿ ಗಟ್ಟಿತನ ಇಲ್ಲ, ತಿಂದದ್ದು ಮೈಗೆ ಹತ್ತುತ್ತಿಲ್ಲ ಅಂದರು. ಹುಬ್ಬಳ್ಳಿಗೆ ಒಯ್ದೆವು. ಒಂಬತ್ತು ದಿನ ದವಾಖಾನೆಯಲ್ಲಿ ಇದ್ದಳು. ಎರಡು ಬಾಟ್ಲಿ ರಕ್ತ ಕೊಟ್ಟರು. ನಾನು ಆ ಮಂಚದ ಪಕ್ಕ ಕೂತು ನಿನ್ನ ಹಿಟ್ಟಿನ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತುತ್ತು ಇಟ್ಟೆ. ದಾದಿ ಏನಿದು ಅಂದಾಗ, ಜೋಳರೀ, ನಮ್ಮಣ್ಣನ ಗಿರಣಿಯದು ಅಂತ ಹೆಮ್ಮೆಯಿಂದ ಹೇಳಿದೆ.

ನಿನ್ನ ಕಾಗದ ಹಿಡಿದುಕೊಂಡು ನಿನ್ನೆ ಡಾಕ್ಟರ ಹತ್ತಿರ ಹೋದೆ. ಜವಿಗೋದಿಯೂ ಗೋದಿಯೇ ಅಂದರು. ಬಾಣಂತಿಗೆ ಅಮೃತ ಇರಬಹುದು, ಈ ಕೂಸಿಗೆ ಅಲ್ಲ. ಇನ್ನೊಂದು ವರ್ಷ ಹೀಗೇ ನಡೆದಿದ್ದರೆ ಅಂದವರು ನಿನ್ನ ಕಾಗದ ಮಡಚಿ ನನ್ನ ಕೈಗೆ ಕೊಟ್ಟರು.

ಜೋಳಕ್ಕೆ ಅಷ್ಟು ಜಿಗಿ ಎಲ್ಲಿಂದ ಬಂತು ಅಂತ ನನಗಾದರೂ ಹೊಳೆಯಬೇಕಿತ್ತು. ಹತ್ತನೇ ವಯಸ್ಸಿನಿಂದ ರೊಟ್ಟಿ ಬಡಿದ ಕೈ ಇದು. ಹೊಳೆಯಲಿಲ್ಲ, ಯಾಕೆಂದರೆ ನೀನು ನನ್ನ ಅಣ್ಣ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಮುಕ್ತಾ ಏನೂ ತಿಂದಿರಲಿಲ್ಲ. ಯಾರೂ ಏನೂ ಕೊಟ್ಟಿರಲಿಲ್ಲ. ನೀನು ಹೊಡೆದು ಕೇಳು ಅಂದೆ, ನಾನು ಹೊಡೆದು ಕೇಳಿದೆ. ಇಬ್ಬರೂ ಸೇರಿ ಆ ಕೂಸಿನ ಬಾಯಿಯಲ್ಲಿ ಸುಳ್ಳು ಹುಟ್ಟಿಸಿದೆವು.

ಚೀಲವನ್ನು ತಿಪ್ಪೆಗೆ ಸುರಿದೆ. ಇನ್ನು ಕಳಿಸಬೇಡ.

ದಾನೇಶ್ವರಿ

⁕

ಕೆರೂರ
24 ಆಗಸ್ಟ್ 2025

ದಾನವ್ವ,

ಹದಿನೈದು ದಿನ ಬರೆಯಲು ಕೂತು ಏಳುತ್ತಿದ್ದೇನೆ. ಮೊದಲ ಕಾಗದದಲ್ಲಿ ನಿನಗೆ ಬಯ್ದೆ, ಹರಿದೆ. ಸುಳ್ಳು ಬರೆದವಳು ನೀನು, ಮೊದಲೇ ಖರೆ ಹೇಳಿದ್ದರೆ ಇಷ್ಟಾಗುತ್ತಿತ್ತೇ ಅಂತ ಬರೆದಿದ್ದೆ. ಎರಡನೆಯದರಲ್ಲಿ ಜವಿಗೋದಿಗೆ ವಕೀಲಿ ಮಾಡಿದೆ, ಅದನ್ನೂ ಹರಿದೆ.

ನನ್ನ ಎದೆಯ ಡಾಕ್ಟರನ್ನೇ ಕೇಳಿದೆ. ಒಬ್ಬ ಹುಡುಗಿಗೆ ಗೋದಿ ಆಗುವುದಿಲ್ಲ, ಜವಿಗೋದಿ ಕೊಡಬಹುದೇನ್ರಿ ಅಂತ, ಯಾರೋ ಗಿರಾಕಿಯ ಮಾತು ಅನ್ನುವ ಹಾಗೆ. ಕೊಟ್ಟವನನ್ನು ಜೈಲಿಗೆ ಹಾಕಬೇಕು ಅಂದು ನಕ್ಕರು. ನಾನೂ ನಕ್ಕೆ. ಹೊರಗೆ ಬಂದು ಕಟ್ಟೆಯ ಮೇಲೆ ಕೂತವನು ಎರಡು ಬಸ್ಸು ಬಿಟ್ಟೆ.

ನನಗೆ ಎಲ್ಲ ಗೊತ್ತು ಅಂದುಕೊಂಡಿದ್ದೆ. ಊರವರೂ ಹಾಗೇ ಅನ್ನುತ್ತಿದ್ದರು. ಕೂಸಿನ ಮೇಲಿನ ಪ್ರೀತಿಯಿಂದ ಮಾಡಿದೆ ಅಂತ ಬರೆಯಬೇಕು ಅನಿಸುತ್ತದೆ. ಪಕ್ಕದ ಮನೆಯ ಮುದುಕಿಯ ಬಗ್ಗೆ ನಾನು ಬರೆದದ್ದು ನೆನಪಾಗಿ ಕೈ ಏಳುವುದಿಲ್ಲ.

ಬಾಗಿಲ ಮೇಲಿನ ಅಕ್ಷರಕ್ಕೆ ಸುಣ್ಣ ಬಳಿಸಿದ್ದೇನೆ. ಅದರಿಂದ ಏನೂ ಆಗುವುದಿಲ್ಲ, ಗೊತ್ತು. ಒಮ್ಮೆ ಬಂದು ಮುಕ್ತಾಳನ್ನು ನೋಡಲೇ? ಒಳಗೆ ಕರೆಯದಿದ್ದರೂ ಸರಿ. ಅವಳು ನನ್ನ ಬಗ್ಗೆ ಏನಾದರೂ ಕೇಳುತ್ತಾಳೆಯೇ?

ಹೊಳಬಸಪ್ಪ

⁕

ನವನಗರ
16 ನವೆಂಬರ್ 2025

ಅಣ್ಣಾ,

ಬರೆಯಬಾರದು ಅಂದುಕೊಂಡಿದ್ದೆ. ಅತ್ತಿಗೆ ಫೋನಿನಲ್ಲಿ ಅತ್ತರು, ನೀನು ಉಣ್ಣುತ್ತಿಲ್ಲ ಅಂದರು. ಅದಕ್ಕೆ ಬರೆಯುತ್ತಿದ್ದೇನೆ, ಕ್ಷಮಿಸಿದ್ದೇನೆ ಅಂತ ತಿಳಿಯಬೇಡ.

ಮುಕ್ತಾಳ ರಕ್ತದ ಅಂಕಿ ಇಳಿಯುತ್ತಿದೆ. ಹದಿನೇಳೂವರೆ ಕಿಲೋ ಆಗಿದ್ದಾಳೆ. ಕೈ ಕೂಡಿದೆ, ಸ್ವಲ್ಪ ಸೊಟ್ಟ ಉಳಿದಿದೆ. ಮನೆಗೇ ಸಣ್ಣ ಗಿರಣಿ ಯಂತ್ರ ತಂದಿದ್ದೇವೆ, ಜೋಳ ನಾನೇ ಬೀಸುತ್ತೇನೆ. ರೊಟ್ಟಿಯ ಅಂಚು ಒಡೆಯುತ್ತದೆ, ಒಡೆಯಲಿ.

ಅವಳು ನಿನ್ನ ಬಗ್ಗೆ ಏನೂ ಕೇಳುವುದಿಲ್ಲ. ಕೇಳುವುದು ಒಂದೇ, "ಇದರಾಗ ಏನೈತಿ?" ತಾಟು ಇಟ್ಟ ಕೂಡಲೇ ಕೇಳುತ್ತಾಳೆ. ನಾನು ಹೇಳುತ್ತೇನೆ. ಮೂಸಿ ನೋಡುತ್ತಾಳೆ, ಮತ್ತೆ ಕೇಳುತ್ತಾಳೆ. ಅನ್ನವನ್ನು ಕೂಡ ಬೆರಳಿನಿಂದ ಕೆದಕಿ ನೋಡುತ್ತಾಳೆ. ಹೆತ್ತ ತಾಯಿ ನಾನು, ಒಂದೊಂದು ತುತ್ತಿಗೂ ಆಣೆ ಇಟ್ಟು ಉಣ್ಣಿಸುತ್ತಿದ್ದೇನೆ.

ಅವಳಿಗೆ ಹೇಳಿದೆ, ನೀನು ತಿಂದಿರಲಿಲ್ಲ ಅಂತ ಈಗ ಗೊತ್ತಾಯಿತು, ನನ್ನದೇ ತಪ್ಪು ಅಂತ. ಹಾಗಾದರೆ ಅವತ್ತು ಹೌದು ಅಂತ ಯಾಕೆ ಅಂದೆ ಎಂದು ಕೇಳಿದೆ. "ನೀ ಭಾಳ ಅಳಾಕತ್ತಿದ್ದಿ. ಹೌದು ಅಂದ್ರ ಸುಮ್ಮನಾಗ್ತಿ ಅಂತ ಅಂದೆ" ಅಂದಳು. ಹೊಡೆತದ ಮಾತೇ ಎತ್ತಲಿಲ್ಲ.

ಹೋದ ಭಾನುವಾರ ಅವಳನ್ನು ಕರೆದುಕೊಂಡು ಹುನಗುಂದದ ಮೇಲೆ ಇಲಕಲ್ಲಿಗೆ ಹೋದೆ. ಬಾಬುಸಾಬನ ಮನೆ ಹುಡುಕಲು ಒಂದು ತಾಸು ಹಿಡಿಯಿತು. ಒಳಗೆ ಮಗ್ಗ ನಡೆದಿತ್ತು. ಹಜರತಬಿ ಗೋಡೆಗೆ ಒರಗಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದಳು. ನನ್ನನ್ನು ಕಂಡು ಏಳಲು ಹೋದಳು, ನಾನು ಕಾಲ ಮೇಲೆ ಬಿದ್ದೆ. ಎಲ್ಲವನ್ನೂ ಹೇಳಿದೆ, ನಿನ್ನ ಬೊಗಸೆಯನ್ನೂ ಹೇಳಿದೆ.

ಅವಳನ್ನೂ ಕೇಳಿದೆ, ನೀನು ಏನೂ ಕೊಟ್ಟಿರಲಿಲ್ಲ, ಮತ್ತೆ ತಪ್ಪಾಯಿತು ಅಂತ ಯಾಕೆ ಅಂದೆ ಎಂದು. ಅವಳು ಕೈಯಲ್ಲಿನ ನೂಲು ಬಿಡದೇ ಹೇಳಿದಳು: "ಕೂಸಿನ ಕೈ ಮ್ಯಾಲ ಬರಿ ಕಂಡ್ವು ಬೇ. ನಾ ಕೊಟ್ಟಿಲ್ಲ ಅಂದಿದ್ರ, ಸುಳ್ಳು ಹೇಳಿದಿ ಅಂತ ನೀ ಅದಕ್ಕ ಮತ್ತ ಹೊಡಿತಿದ್ದಿ."

ಅಣ್ಣಾ, ನೀನು ಗಿರಣಿಯವನು, ನಾನು ಮಾಸ್ತರಣಿ. ಇಬ್ಬರೂ ಆ ಕೂಸಿಗೆ ಒಳ್ಳೆಯದು ಯಾವುದು ಅಂತ ಒಂದು ವರ್ಷ ಪತ್ರ ಬರೆದುಕೊಂಡೆವು. ಅವಳನ್ನು ನೋಡಿದವಳು ಆ ಮುದುಕಿ ಒಬ್ಬಳೇ.

ನೀನು ಬರಬೇಡ. ಬರುವ ದಿನ ಬಂದರೆ ಮುಕ್ತಾಳೇ ಹೇಳುತ್ತಾಳೆ, ಹೇಳದೆಯೂ ಇರಬಹುದು. ಊಟ ಮಾಡು, ಅತ್ತಿಗೆಯನ್ನು ಅಳಿಸಬೇಡ.

ಅವತ್ತು ಅಲ್ಲೇ ಊಟಕ್ಕೆ ನಿಲ್ಲಿಸಿದರು. ಹಜರತಬಿ ಅನ್ನಕ್ಕೆ ಬೇಳೆ ಕಲಸಿ ತಾಟು ಮುಂದಿಟ್ಟಳು. ಇದರಾಗ ಏನೈತಿ ಅಂತ ಈಗ ಕೇಳುತ್ತಾಳೆ ಅಂತ ನಾನು ಕಾದೆ. ಮುಕ್ತಾ ಏನೂ ಕೇಳಲಿಲ್ಲ. ಅವಳ ತೊಡೆಗೆ ಆತುಕೊಂಡು ಕೂತು ಉಂಡಳು, ಇನ್ನಷ್ಟು ಹಾಕು ಆಯಿ ಅಂದಳು.

ದಾನೇಶ್ವರಿ